ಗಯಾದಲ್ಲಿ ಬಿಟ್ಟ ತರಕಾರಿ

ಗೌರಿ ಹಬ್ಬ ಕಳೆದು ಪಿತೃಪಕ್ಷ ಹಿಡಿಯುವುದರೊಳಗೆ ಒಂದು ಭಾನುವಾರ ಸಿಗುತ್ತದಲ್ಲ, ಅದು ನಮ್ಮ ಎದುರುಮನೆಯಲ್ಲಿ ಬೀಜ ಆರಿಸುವ ದಿನ. ಪಕ್ಷದಲ್ಲಿ ಹೊಸ ಕೆಲಸ ಶುರು ಮಾಡಬಾರದು, ಆದ್ದರಿಂದ ಚಳಿಗಾಲದ ತರಕಾರಿಯ ಬೀಜ ಅದಕ್ಕೆ ಮೊದಲೇ ಮಣ್ಣಿಗೆ ಬೀಳಬೇಕು ಎನ್ನುವುದು ರಾಮಪ್ರಸಾದರ ಕಾನೂನು. ಅವರು ಕಾಲೇಜಿನಲ್ಲಿ ಬಾಟನಿ ಪಾಠ ಹೇಳಿ ನಿವೃತ್ತರಾದವರು. ಜೆ.ಪಿ. ನಗರದಲ್ಲಿ ತಾರಸಿಯ ಮೇಲೆ ತರಕಾರಿ ಬೆಳೆಯುವವರ ನಡುವೆ ಅವರದು ದೊಡ್ಡ ಹೆಸರು. ಯಾರದೋ ಸಭೆಯಲ್ಲಿ ಭಾಷಣ ಮಾಡಿ ಶಾಲು ಹೊದಿಸಿಕೊಂಡು ಬರುತ್ತಿದ್ದರು. ಆ ತೋಟಕ್ಕೆ ಎರಡು ಹೊತ್ತು ನೀರು ಹಾಕಿದವರು, ಗೊಬ್ಬರ ಕಲಸಿದವರು, ಎಲೆ ಮಗುಚಿ ಹುಳ ಹೆಕ್ಕಿದವರು ಅವರ ಹೆಂಡತಿ ಸತ್ಯಭಾಮಾ. ಆಕೆಯ ಕೈಗೂ ಆ ಶಾಲುಗಳು ಬರುತ್ತಿದ್ದವು, ಒಗೆಯುವುದಕ್ಕೆ.

ನಾನು ವಿಜಯಲಕ್ಷ್ಮಿ, ಎದುರುಮನೆಯವಳು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನನ್ನ ಯಜಮಾನರು ಸಂಜೀವಯ್ಯ ಹೇಳುತ್ತಿದ್ದರು. ಅವರು ಹೋದರು, ಸಿಟ್ಟು ಇಲ್ಲೇ ಇದೆ. ಸತ್ಯಭಾಮಾ ನನ್ನ ಸ್ನೇಹಿತೆ, ರಾಮಪ್ರಸಾದರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಆಮೇಲೆ ಯಾರೂ ನನ್ನನ್ನು ದೂರುವಂತಿಲ್ಲ.

ಬೀಜ ಆರಿಸುವ ದಿನ ಊಟದ ಮೇಜಿನ ಮೇಲೆ ಹಳೆಯ ಪೇಪರ್ ಹಾಸುತ್ತಿದ್ದರು. ಸಾರಕ್ಕಿಯ ನರ್ಸರಿಯಿಂದ ತಂದ ಪೊಟ್ಟಣಗಳು ಒಂದು ಕಡೆ, ಹಿಂದಿನ ವರ್ಷ ಒಣಗಿಸಿಟ್ಟ ಮನೆಯ ಬೀಜ ಇನ್ನೊಂದು ಕಡೆ. ಮೂಲಂಗಿ, ನವಿಲುಕೋಸು, ಹುರುಳಿಕಾಯಿ, ಮೆಂತ್ಯ, ಸಬ್ಬಸಿಗೆ. ರಾಮಪ್ರಸಾದರು ಕನ್ನಡಕ ಏರಿಸಿ ಕೂತು, "ಏನು ಹಾಕೋಣ ಭಾಮಾ, ಹೇಳು" ಎಂದು ಕೇಳುತ್ತಿದ್ದರು. ಆಕೆ, "ಈ ಸಲ ನಾಲ್ಕು ಬದನೆ ಗಿಡ ಹಾಕೋಣ್ವಾ?" ಎನ್ನುತ್ತಿದ್ದರು. ಬದನೆ ಯಾಕೆ ಬೇಡ, ಅದಕ್ಕೆ ಯಾವ ಹುಳ ಬೀಳುತ್ತದೆ, ಇಷ್ಟು ವರ್ಷ ತೋಟ ನೋಡಿಯೂ ಅದು ಗೊತ್ತಾಗದ ತಲೆಯಲ್ಲಿ ಏನು ತುಂಬಿದೆ ಎಂದು ಅವರು ನಗುನಗುತ್ತಾ ಪಾಠ ಮಾಡುತ್ತಿದ್ದರು. ಎದುರಿಗೆ ನಾವು ಯಾರಾದರೂ ಕೂತಿದ್ದರೆ ಪಾಠ ಇನ್ನಷ್ಟು ಉದ್ದ. ಮರುವರ್ಷ ಮತ್ತೆ ಕೇಳುತ್ತಿದ್ದರು, ಆಕೆ ಮತ್ತೆ ಬದನೆ ಎನ್ನುತ್ತಿದ್ದರು. ಆಕೆಗೆ ನಾಚಿಕೆಯಾಗಬೇಡವೇ ಎಂದು ನನಗೆ ಮೈಯೆಲ್ಲಾ ಉರಿಯುತ್ತಿತ್ತು.

ಒಂದು ಬೀಜವನ್ನು ಮಾತ್ರ ಆರಿಸುವ ಪ್ರಶ್ನೆಯೇ ಇರಲಿಲ್ಲ. ಅದು ಅವರೆ. ಎಲ್ಲಕ್ಕಿಂತ ಮೊದಲು ಅದನ್ನು ಎತ್ತಿ ಬೇರೆ ತಟ್ಟೆಯಲ್ಲಿ ಇಡುತ್ತಿದ್ದರು. ದಕ್ಷಿಣದ ಬದಿಯ ಕುಂಡಗಳ ಸಾಲು, ಬಿಸಿಲು ಚೆನ್ನಾಗಿ ಬೀಳುವ ಜಾಗ, ಅವರೆಗೇ ಮೀಸಲು. ಅವರೆಕಾಯಿ ಎಂದರೆ ಸತ್ಯಭಾಮಾಗೆ ಪ್ರಾಣ. ತಲಘಟ್ಟಪುರದ ಶ್ಯಾನುಭೋಗರ ಮನೆಯಲ್ಲಿ ಹುಟ್ಟಿದವರು. ಈಗ ಅಪಾರ್ಟ್‌ಮೆಂಟ್ ಎದ್ದಿರುವ ಕಡೆ ಅವರ ಹೊಲವಿತ್ತು. ಇಬ್ಬನಿ ಆರುವುದಕ್ಕೆ ಮೊದಲೇ ಲಂಗ ಎತ್ತಿಕಟ್ಟಿ ಕಾಯಿ ಕಿತ್ತು, ಸೊಗಡಿನ ಜಿಗುಟು ಅಂಟಿದ ಬೆರಳನ್ನು ಶಾಲೆಯಲ್ಲಿ ದಿನವೆಲ್ಲಾ ಮೂಸುತ್ತಿದ್ದೆ ಎಂದು ಹೇಳುತ್ತಿದ್ದರು. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಆಕೆಗೆ ತನ್ನದು ಎಂದು ಉಳಿದ ಸಂತೋಷ ಅದೊಂದೇ. ಅದೊಂದನ್ನು ಉಳಿಸಿದ್ದು ತಪ್ಪು ಎಂದು ರಾಮಪ್ರಸಾದರಿಗೆ ತಡವಾಗಿ ಹೊಳೆಯಿತು.

ಅವರ ತಾಯಿ ತೀರಿಕೊಂಡ ಮರುವರ್ಷ ನಾವು ಎರಡು ಮನೆಯವರೂ ಒಂದೇ ತಂಡದಲ್ಲಿ ಕಾಶಿ, ಗಯಾ ಯಾತ್ರೆಗೆ ಹೋದೆವು. ಗಯಾದಲ್ಲಿ ಅಕ್ಷಯವಟದ ಕೆಳಗೆ ಪಿಂಡ ಇಟ್ಟ ಮೇಲೆ ಒಂದು ಹಣ್ಣು, ಒಂದು ತರಕಾರಿ ಬಿಡಬೇಕು. ಒಮ್ಮೆ ಬಿಟ್ಟರೆ ಸಾಯುವವರೆಗೂ ತಿನ್ನುವಂತಿಲ್ಲ, ತಿಂದರೆ ಪಿತೃಗಳಿಗೆ ಕೊಟ್ಟದ್ದನ್ನು ಕಿತ್ತುಕೊಂಡ ಹಾಗೆ. ಇಷ್ಟವಾದದ್ದನ್ನು ಬಿಡಬೇಕು ಎಂದು ಶಾಸ್ತ್ರ. ನಡೆಯುವುದು ಬೇರೆ. ನಮ್ಮವರು ಸೋರೆಕಾಯಿ ಬಿಟ್ಟರು, ಅದನ್ನು ಅವರು ಎಂದೂ ಮುಟ್ಟಿದವರಲ್ಲ. ನಾನು ಗಂಟಲು ಕೆರೆಯುತ್ತದೆಂದು ಸುವರ್ಣಗೆಡ್ಡೆ ಬಿಟ್ಟೆ. ಸೀಮೆಬದನೆ ಬಿಡುತ್ತೇನೆ ಎಂದು ಸತ್ಯಭಾಮಾ ರೈಲಿನಲ್ಲೇ ತೀರ್ಮಾನ ಮಾಡಿಕೊಂಡಿದ್ದರು.

ಸಂಕಲ್ಪ ಮಾಡುವವರು ಗಂಡಸರು. ಹೆಂಡತಿ ಹಿಂದೆ ನಿಂತು, ಗಂಡನ ಹೆಗಲಿಗೆ ದರ್ಭೆ ಮುಟ್ಟಿಸಿಕೊಂಡಿರಬೇಕು. ನಾನು ಪಕ್ಕದ ಸಾಲಿನಲ್ಲೇ ಇದ್ದೆ. ಏನು ಬಿಡುತ್ತೀರಿ ಎಂದು ಪುರೋಹಿತರು ಕೇಳಿದರು. ರಾಮಪ್ರಸಾದರು, "ನನ್ನದು ಹಾಗಲಕಾಯಿ, ಅಂಜೂರ" ಎಂದರು. ಹಾಗಲಕಾಯಿಯ ವಾಸನೆ ಬಂದರೂ ತಟ್ಟೆ ತಳ್ಳುವ ಮನುಷ್ಯ. ಆಮೇಲೆ ಹಿಂದೆ ತಿರುಗಿ ಕೂಡ ನೋಡದೆ, "ಇವಳದು ಅವರೆಕಾಯಿ, ಸೀಬೆಹಣ್ಣು" ಎಂದರು.

ಸತ್ಯಭಾಮಾ ಕೈಯಲ್ಲಿದ್ದ ದರ್ಭೆ ನಡುಗಿತು. "ರೀ" ಎಂದರು, ಅಷ್ಟೇ.

"ಇಷ್ಟವಾದದ್ದನ್ನ ಬಿಟ್ರೆ ತಾನೆ ತ್ಯಾಗ? ಅಮ್ಮಂಗೋಸ್ಕರ ಅಷ್ಟೂ ಆಗಲ್ವಾ ನಿನಗೆ?" ಎಂದರು ರಾಮಪ್ರಸಾದರು. ಪುರೋಹಿತರು ನೀರು ಬಿಡಿಸಿದರು, ಮುಗಿಯಿತು. ಆ ಅಮ್ಮನ ಹಾಸಿಗೆಯನ್ನು ಕೊನೆಯವರೆಗೂ ಬದಲಾಯಿಸಿದವರು ಸತ್ಯಭಾಮಾ. ಮಗ ದಿನಕ್ಕೊಮ್ಮೆ ಬಾಗಿಲಲ್ಲಿ ನಿಂತು "ಹೇಗಿದೀಯಮ್ಮಾ?" ಎಂದು ಕೇಳಿ ತಾರಸಿಗೆ ಹೋಗುತ್ತಿದ್ದರು. ಸಂಜೆ ಛತ್ರದಲ್ಲಿ ತಂಡದವರ ಮುಂದೆಲ್ಲಾ, "ನಮ್ಮವಳು ಅವರೆಕಾಯಿನೇ ಬಿಟ್ಟುಬಿಟ್ಟಳು ನೋಡಿ" ಎಂದು ಹೇಳಿಕೊಂಡರು. ಎಲ್ಲರೂ ಆಕೆಯನ್ನು ಹೊಗಳಿದರು. ಅಲ್ಲಿ ಆದದ್ದನ್ನು ಕಣ್ಣಾರೆ ಕಂಡವರಲ್ಲಿ ಈಗ ಉಳಿದಿರುವವರು ಅವರಿಬ್ಬರು ಮತ್ತು ನಾನು.

ಊರಿಗೆ ಬಂದ ಮೇಲೆ, ಹೆಂಡತಿ ತಿನ್ನುವುದಿಲ್ಲವಲ್ಲ ಎಂದು ಅವರೆ ಹಾಕುವುದನ್ನು ನಿಲ್ಲಿಸಿದರೇ? ಎರಡು ಸಾಲು ಹೆಚ್ಚು ಹಾಕಿಸಿದರು. ಬೀಜ ಊರುವವರು ಆಕೆ, ಬಳ್ಳಿ ಹಬ್ಬಿಸುವವರು ಆಕೆ, ಕಾಯಿ ಬಿಡಿಸಿ, ನೆನೆಹಾಕಿ, ಒಂದೊಂದೇ ಕಾಳನ್ನು ಹಿದುಕಿ ಬೇಳೆ ಮಾಡುವವರು ಆಕೆ. ಧನುರ್ಮಾಸ ಪೂರ್ತಿ ಆ ಮನೆಯಲ್ಲಿ ಹಿದುಕಿದ ಬೇಳೆ ಹುಳಿ, ಅವರೆಕಾಳು ಉಪ್ಪಿಟ್ಟು, ಅಕ್ಕಿರೊಟ್ಟಿ. ನಾಲಿಗೆಯ ಮೇಲೆ ಒಂದು ಹನಿ ಇಟ್ಟು ಉಪ್ಪು ನೋಡುವ ಹಾಗೂ ಇಲ್ಲ. ಆದ್ದರಿಂದ ಒಂದು ಪುಟ್ಟ ಬಟ್ಟಲಿನಲ್ಲಿ ಹುಳಿ ಹಾಕಿಕೊಂಡು, ಸೆರಗು ಮುಚ್ಚಿಕೊಂಡು, ರಸ್ತೆ ದಾಟಿ ನನ್ನ ಹತ್ತಿರ ಬರುತ್ತಿದ್ದರು. "ಉಪ್ಪು ನೋಡ್ರೀ ವಿಜಯಾ." ನಾನು ನೋಡುತ್ತಿದ್ದೆ. ಹದವಾಗಿರುತ್ತಿತ್ತು. ಆಕೆಯ ಕೈಯಳತೆ ತಪ್ಪಿದ್ದನ್ನು ನಾನು ಕಾಣೆ.

ಮನೆಗೆ ಹೋಗಿ ಬಡಿಸಿದರೆ ರಾಮಪ್ರಸಾದರು ಒಂದು ತುತ್ತು ಬಾಯಿಗಿಟ್ಟು ಮುಖ ಸಿಂಡರಿಸಿ, "ಉಪ್ಪು ಸರಿಯಾಗಿಲ್ಲ" ಎನ್ನುತ್ತಿದ್ದರು. ಒಂದು ದಿನ ಕಡಿಮೆ, ಒಂದು ದಿನ ಹೆಚ್ಚು. "ನಾಲಿಗೆ ಸತ್ತುಹೋಗಿದೆಯೇನೇ ನಿನಗೆ?" ಎಂದು ಕೇಳುತ್ತಿದ್ದರು. ನಾಲಿಗೆಯನ್ನು ಗಯಾದಲ್ಲಿ ಒತ್ತೆ ಇಡಿಸಿ ಬಂದವರು ಯಾರೋ! ಇಷ್ಟು ಅಂದಮೇಲೆ ಎರಡನೇ ಸಲ ಬಡಿಸಿಕೊಂಡು ಸೊರಸೊರ ಉಣ್ಣುತ್ತಿದ್ದರು, ಆಕೆ ಪಾತ್ರೆ ಹಿಡಿದು ಪಕ್ಕದಲ್ಲೇ ನಿಂತಿರಬೇಕಿತ್ತು.

ನನಗೆ ತಡೆಯಲಿಲ್ಲ. ಒಂದು ಸಲ ನಮ್ಮ ಅಡುಗೆಮನೆಯಲ್ಲಿ ತಟ್ಟೆ ಹಾಕಿ, "ತಿನ್ರೀ, ಇಲ್ಲಿ ಯಾರು ನೋಡ್ತಾರೆ?" ಎಂದೆ.

"ಅತ್ತೆ ನೋಡ್ತಾರೆ" ಎಂದರು ಸತ್ಯಭಾಮಾ. "ಅವರಿಗೆ ಬಿಟ್ಟಿದ್ದು. ನಾನು ತಿಂದ್ರೆ ಅವರ ಬಾಯಿಂದ ಕಿತ್ಕೊಂಡ ಹಾಗೆ. ಪಾಪ, ಅವರೇನು ಮಾಡಿದ್ರು?" ಬಟ್ಟಲು ತೆಗೆದುಕೊಂಡು ಹೊರಟುಹೋದರು. ಅಂಥ ನಂಬಿಕೆ. ಅದು ಗೊತ್ತಿದ್ದೇ ರಾಮಪ್ರಸಾದರು ಬೀಗ ಹಾಕಿದ್ದು.

ಈ ವರ್ಷದ ಆಷಾಢದಲ್ಲಿ ಅವರಿಗೆ ಲಕ್ವ ಹೊಡೆಯಿತು. ತಾರಸಿಯ ಮೆಟ್ಟಿಲಲ್ಲೇ ಕುಸಿದರು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು, ಮಾತು ತೊದಲಿತು, ನೆನಪು ಚೆಲ್ಲಾಪಿಲ್ಲಿಯಾಯಿತು. ಬಿಟಿಎಂ ಲೇಔಟಿನಲ್ಲಿರುವ ಮಗ ಆಶ್ರಿತ್ ಓಡಿ ಬಂದ. ಅವನು ಬ್ಯಾಂಕಿನವನು. ಗಯಾ ಯಾತ್ರೆಗೆ ಮೊದಲಿನಿಂದ ರಾಯಚೂರು, ವಿಜಯಪುರ ಎಂದು ವರ್ಗಾವಣೆಯಲ್ಲಿ ಸುತ್ತಿ, ಈ ವರ್ಷವಷ್ಟೇ ಬೆಂಗಳೂರಿಗೆ ಬಂದಿದ್ದ. ಒಳ್ಳೆಯ ಹುಡುಗ, ಕಣ್ಣಿಗೆ ಏನೂ ಕಾಣಿಸುವುದಿಲ್ಲ, ಅಷ್ಟೇ. ಅವನನ್ನು ಅಪ್ಪ ರಘು ಎಂದು ಕರೆದರು. ರಘು ಅವರ ತಮ್ಮ, ಎಂದೋ ಸತ್ತವನು. ಇನ್ನೊಂದು ದಿನ ನನ್ನ ಎದುರಿಗೇ, "ಅಮ್ಮಂದು ಊಟ ಆಯ್ತಾ?" ಎಂದು ಕೇಳಿದರು. ಇನ್ನು ಅವರು ಹೇಳುವುದನ್ನೆಲ್ಲಾ ನಿಜ ಎಂದುಕೊಳ್ಳಬೇಡಿ, ಹಳೆಯದು ಹೊಸದು ಕಲಸಿಹೋಗಿರುತ್ತದೆ ಎಂದು ಡಾಕ್ಟರು ಹೇಳಿದ ಮಾತನ್ನು ಆಶ್ರಿತ್ ಮನೆಗೆ ಬಂದವರಿಗೆಲ್ಲಾ ಹೇಳಿದ.

ಆ ಮಾತನ್ನು ಸತ್ಯಭಾಮಾ ಎಷ್ಟು ಗಮನವಿಟ್ಟು ಕೇಳಿದ್ದರು ಎಂದು ನನಗೆ ತಿಳಿದದ್ದು ಬೀಜ ಆರಿಸುವ ಭಾನುವಾರ.

ಈ ಸಲ ಅದೆಲ್ಲಾ ಇರುವುದಿಲ್ಲ ಎಂದುಕೊಂಡಿದ್ದೆ. ಆಕೆಯೇ ಬಂದು ಕರೆದರು. ಹೋಗಿ ನೋಡಿದರೆ ಅದೇ ಮೇಜು, ಅದೇ ಪೇಪರ್, ಅದೇ ಪೊಟ್ಟಣಗಳು. ರಾಮಪ್ರಸಾದರನ್ನು ದಿಂಬು ಆನಿಸಿ ಕುರ್ಚಿಯಲ್ಲಿ ಕೂರಿಸಿದ್ದರು. ಪಕ್ಕದಲ್ಲಿ ಆಶ್ರಿತ್. ಬೀಜ ನೋಡಿ ಅವರ ಮುಖ ಅರಳಿತು. ಎಡಗೈಯಿಂದ ಪೊಟ್ಟಣಗಳನ್ನು ಸರಿಸಿ ಸರಿಸಿ ಹುಡುಕಿದರು.

"ಅವರೆ... ಅವರೆ ಎಲ್ಲಿ?"

ಸತ್ಯಭಾಮಾ ಅವರ ಬಾಯಿಯ ಅಂಚನ್ನು ಬಟ್ಟೆಯಿಂದ ಒರೆಸಿದರು. ಬಹಳ ಮೃದುವಾಗಿ, ಮಗುವಿಗೆ ಹೇಳುವಂತೆ, "ಅವರೆಕಾಯಿ ನೀವು ತಿನ್ನಲ್ವಲ್ಲ" ಎಂದರು.

"ಯಾ... ಯಾಕೆ?"

"ಗಯಾದಲ್ಲಿ ಬಿಟ್ರಲ್ಲ. ಅಮ್ಮಂಗೋಸ್ಕರ."

ಆಶ್ರಿತ್ ಮೊಬೈಲಿನಿಂದ ತಲೆ ಎತ್ತಿ, "ಹೌದಲ್ವಾ, ನಮ್ಮನೇಲಿ ಯಾರೋ ಅವರೆಕಾಯಿ ಬಿಟ್ಟಿದಾರೆ ಅಂತ ಫೋನಲ್ಲಿ ಹೇಳಿದ್ರಿ. ಅಪ್ಪಾನಾ ಅದು?" ಎಂದ. ಹಬ್ಬಕ್ಕೆ ಬಂದು ಹೋಗುತ್ತಿದ್ದವನು, ದೀಪಾವಳಿ ಯುಗಾದಿಗಳಲ್ಲಿ ಅವರೆಕಾಯಿ ಎಲ್ಲಿ? ಬಂದಾಗಲೂ ಅಮ್ಮ ಎಲ್ಲರ ಊಟ ಆದಮೇಲೆ ಅಡುಗೆಮನೆಯಲ್ಲಿ ಕೂತು ಉಣ್ಣುವವಳು. ಕೊನೆಗೆ ಉಣ್ಣುವ ಹೆಂಗಸು ಏನು ತಿನ್ನುತ್ತಾಳೆ, ಏನು ಬಿಟ್ಟಿದ್ದಾಳೆ ಎಂದು ಯಾವ ಮನೆಯಲ್ಲಿ ಯಾರಿಗೆ ಗೊತ್ತಿರುತ್ತದೆ?

ರಾಮಪ್ರಸಾದರು ಹುಬ್ಬು ಗಂಟಿಕ್ಕಿ ಒಳಗೆಲ್ಲೋ ತಡಕಾಡಿದರು. ಏನೂ ಸಿಗಲಿಲ್ಲ. ನಿಧಾನವಾಗಿ ಅವರ ಮುಖ ಬದಲಾಯಿತು. ಕಣ್ಣಂಚು ಒದ್ದೆಯಾಯಿತು. "ಹೌದು, ಬಿಟ್ಟೆ" ಎಂದರು. "ಇಷ್ಟವಾದದ್ದು... ಅಮ್ಮಂಗೆ." ತಾನು ಮಾಡದ ತ್ಯಾಗವನ್ನು ತಾನೇ ಮೆಚ್ಚಿಕೊಂಡು ಕಣ್ಣೀರು ಹಾಕಿದರು, ನೋಡಿ. ನನಗೆ ನಗು ತಡೆಯಲಾಗದೆ ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗಿಬಂದೆ. ಬಂದಾಗ ಅವರು, "ನೀನೇನು ಬಿಟ್ಟೆ?" ಎಂದು ಹೆಂಡತಿಯನ್ನು ಕೇಳುತ್ತಿದ್ದರು.

"ಹಾಗಲಕಾಯಿ" ಎಂದರು ಸತ್ಯಭಾಮಾ. ಪೊಟ್ಟಣಗಳನ್ನು ತನ್ನ ಕಡೆಗೆ ಎಳೆದುಕೊಂಡು ಆರಿಸಲು ಕೂತರು. ಮೂಲಂಗಿ ಬೇಡ, ನವಿಲುಕೋಸು ಬೇಡ, ಹುರುಳಿಕಾಯಿ ಬೇಡ ಎಂದು ಒಂದೊಂದನ್ನೇ ಪಕ್ಕಕ್ಕೆ ಎಸೆದರು. ನಾಲ್ಕು ಬದನೆ. ಉಳಿದ ತಾರಸಿಗೆಲ್ಲಾ ಹಾಗಲ. ಉದ್ದ ಹಾಗಲ, ಗಿಡ್ಡ ಹಾಗಲ, ಮುಳ್ಳು ಹಾಗಲ, ನರ್ಸರಿಯಲ್ಲಿದ್ದಷ್ಟನ್ನೂ ತಂದಿಟ್ಟಿದ್ದರು. "ಅಪ್ಪನ ಶುಗರ್‌ಗೆ ಒಳ್ಳೇದು" ಎಂದರು ಮಗನಿಗೆ. "ಸೂಪರ್ ಐಡಿಯಾ ಅಮ್ಮಾ" ಎಂದ ಅವನು. ಕೊನೆಗೆ ಒಣಗಿಸಿಟ್ಟ ಅವರೆ ಬೀಜದ ಡಬ್ಬಿ ತೆಗೆದು ಒಂದು ಹಿಡಿಯನ್ನು ಬೇರೆ ತಟ್ಟೆಗೆ ಸುರಿದರು.

"ಅಪ್ಪ ತಿನ್ನಲ್ಲ ಅಂದ್ರಿ, ಇದು ಯಾರಿಗೆ?" ಎಂದ ಆಶ್ರಿತ್.

"ನನಗೆ."

ಆ ಬಾಯಿಂದ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಸಂಜೆ ಇಬ್ಬರೂ ತಾರಸಿಗೆ ಹೋದೆವು. ಭಾದ್ರಪದದ ಮಳೆ ಬಿದ್ದು ಮಣ್ಣು ಹದವಾಗಿತ್ತು. ಆಕೆ ಸೆರಗು ಬಿಗಿದು, ಬೆರಳಿನಿಂದ ಕುಳಿ ಮಾಡಿ, ಬೀಜ ಇಟ್ಟು, ಮಣ್ಣು ಮುಚ್ಚುತ್ತಾ ಹೋದರು. ಹಾಗಲದ ಬೀಜ ಕೊಡುತ್ತಾ ನಾನು ಕೇಳಿದೆ, "ಅಲ್ರೀ, ಅತ್ತೆ ನೋಡ್ತಾರೆ ಅಂತಿದ್ರಿ?"

"ನೋಡ್ಲಿ."

"ಅವರ ಬಾಯಿಂದ ಕಿತ್ಕೊಂಡ ಹಾಗೆ ಆಗಲ್ವಾ?"

"ಗಯಾದಲ್ಲಿ ನಾನು ಬಾಯಿ ಬಿಟ್ಟು ಹೇಳಿದ್ನಾ?" ಎಂದರು ತಲೆ ಎತ್ತದೆ. "ಅವರು ಹೇಳಿದ್ರು. ನೀರು ಬಿಟ್ಟಿದ್ದು ಅವರ ಕೈ. ಹೇಳಿದ ಬಾಯಿ ಯಾವ್ದೋ ಅದೇ ಬಿಡ್ಲಿ. ಇಷ್ಟು ವರ್ಷ ಇದು ಹೊಳೀಲೇ ಇಲ್ಲ ನನಗೆ, ದಡ್ಡಿ. ಅತ್ತೆಗೂ ಗೊತ್ತಿತ್ತು ಮಗ ಎಂಥವನು ಅಂತ. ಕೊನೇಲಿ ಕೈ ಹಿಡ್ಕೊಂಡು ಅತ್ತಿದ್ರು." ಅವರೆ ಬೀಜವನ್ನು ದಕ್ಷಿಣದ ಸಾಲಿನ ಕುಂಡಗಳಲ್ಲಿ ಊರುವಾಗ ಮಾತ್ರ ಆಕೆಯ ಕೈ ಸ್ವಲ್ಪ ತಡೆಯಿತು. ಹೆದರಿಕೆ ಪೂರ್ತಿ ಹೋಗಿರಲಿಲ್ಲ. ಮೊಳಕೆ ಬರಲಿ, ಕಾಯಿ ಕಚ್ಚಲಿ, ಆಮೇಲೆ ಬಾಯಿಗಿಡುವುದಕ್ಕೆ ಆಗುತ್ತದೋ ಇಲ್ಲವೋ ನೋಡೋಣ ಎಂದರು. ನನಗೂ ಅದೇ ಕುತೂಹಲ. ಗಂಡನಿಗೆ ಸುಳ್ಳು ಹೇಳುವುದು ಸುಲಭ. ಸತ್ತ ಅತ್ತೆಯ ಎದುರು ತುತ್ತು ಎತ್ತುವುದು ಬೇರೆ ಮಾತು.

ದೀಪಾವಳಿ ಕಳೆಯುವಷ್ಟರಲ್ಲಿ ತಾರಸಿ ತುಂಬಾ ಹಾಗಲಕಾಯಿ. ಕಬ್ಬಿಣದ ಚಪ್ಪರದಿಂದ ಕೆಳಗೆ ಜೋತುಬಿದ್ದು ತಲೆಗೆ ತಗುಲುತ್ತಿದ್ದವು. ರಾಮಪ್ರಸಾದರಿಗೆ ದಿನವೂ ಅದೇ. ಪಲ್ಯ, ಹುಳಿ, ಗೊಜ್ಜು. ಗೊಜ್ಜಿಗೆ ಬೆಲ್ಲ ಬೇಕೇ ಬೇಕು, ಆದರೆ ಸಕ್ಕರೆ ಕಾಯಿಲೆಯವರಿಗೆ ಬೆಲ್ಲ ಹಾಕುವ ಹಾಗಿಲ್ಲವಲ್ಲ. ಮೊದಲ ದಿನ ಉಗುಳಿದರು. "ಇಷ್ಟ ಇತ್ತಲ್ಲ ನಿಮಗೆ" ಎಂದು ಸತ್ಯಭಾಮಾ ಬಾಯಿ ಒರೆಸಿ, ಇನ್ನೊಂದು ತುತ್ತು ಇಟ್ಟರು. ಕಾಲು ಎಳೆದುಕೊಂಡು ಒಂದೆರಡು ಹೆಜ್ಜೆ ಇಡುವಷ್ಟು ಸುಧಾರಿಸಿದರೂ ತುತ್ತು ಕಂಡ ಕೂಡಲೇ ಅವರ ಮುಖ ಹಿಂಡಿಕೊಳ್ಳುತ್ತಿತ್ತು. ಯಾಕೆಂದು ಮಾತ್ರ ಅವರಿಗೇ ಗೊತ್ತಾಗುತ್ತಿರಲಿಲ್ಲ. ಭಾನುವಾರ ಬರುವ ಆಶ್ರಿತ್ ಸಕ್ಕರೆ ಇಳಿದಿದೆ ಎಂದು ಅಮ್ಮನ ಬೆನ್ನು ತಟ್ಟುತ್ತಿದ್ದ. ಬೀದಿಯ ಹೆಂಗಸರು, "ಎಂಥಾ ಸೇವೆ ರೀ, ನೋಡಿ ಕಲೀಬೇಕು" ಎನ್ನುತ್ತಿದ್ದರು. ಸೇವೆಯಲ್ಲಿ ಒಂದು ಕೊರತೆಯೂ ಇರಲಿಲ್ಲ. ಸ್ನಾನ, ಬಟ್ಟೆ, ಔಷಧಿ ಎಲ್ಲಾ ಹೊತ್ತಿಗೆ ಸರಿಯಾಗಿ. ಪ್ರತಿ ತುತ್ತು ನುಂಗಿಸಿದ ಮೇಲೆ ಆಕೆ, "ಉಪ್ಪು ಸರಿಯಾಗಿದೆಯಾ?" ಎಂದು ಕೇಳುತ್ತಿದ್ದರು. ಅವರು ತಲೆಯಾಡಿಸುವವರೆಗೂ ಮುಂದಿನ ತುತ್ತು ಇಡುತ್ತಿರಲಿಲ್ಲ.

ಗಯಾದಲ್ಲಿ ತಾನೇ ಬಿಟ್ಟ ಕಾಯನ್ನು ಆ ಮನುಷ್ಯ ದಿನಕ್ಕೆ ಎರಡು ಹೊತ್ತು ತಿನ್ನುತ್ತಿದ್ದರು. ನನಗೆ ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಮಧ್ಯಾಹ್ನ ಅವರ ಊಟದ ಹೊತ್ತಿಗೆ ಏನಾದರೂ ನೆಪ ಮಾಡಿಕೊಂಡು ಹೋಗಿ ಕೂರುತ್ತಿದ್ದೆ.

ಧನುರ್ಮಾಸ ಹಿಡಿದ ಮೇಲೆ ಅವರೆ ಬಂತು. ಒಂದೇ ಸಾಲು ಹಾಕಿದ್ದರೂ ಗೊಂಚಲು ಗೊಂಚಲಾಗಿ ಕಾಯಿ, ಹತ್ತಿರ ಹೋದರೆ ಸೊಗಡು ಗಮ್ಮೆನ್ನುತ್ತಿತ್ತು. ಮೊದಲ ಸಲ ಬಿಡಿಸಿದ ಕಾಯಿಯನ್ನು ನಮ್ಮ ಮನೆಗೆ ತಂದರು, ನನ್ನ ಜೊತೆ ಕೂತು ಹಿದುಕಿದರು. ಭಾನುವಾರ ಹಿದುಕಿದ ಬೇಳೆ ಹುಳಿ, ಊಟಕ್ಕೆ ಬನ್ನಿ ಎಂದರು. ಬಟ್ಟಲು ಹಿಡಿದು ಉಪ್ಪು ನೋಡಿಸಲು ಬರುತ್ತಾರೆಂದು ಆ ಬೆಳಿಗ್ಗೆ ಕಾದೆ. ಬರಲಿಲ್ಲ.

ಊಟಕ್ಕೆ ಎಲ್ಲರೂ ಒಟ್ಟಿಗೆ ಕೂತೆವು. ಸತ್ಯಭಾಮಾ ಕೂಡ, ಅದೇ ಮೇಜಿಗೆ, ಗಂಡನ ಎದುರುಗಡೆ. ರಾಮಪ್ರಸಾದರ ತಟ್ಟೆಯಲ್ಲಿ ಅನ್ನ ಮತ್ತು ಬೆಲ್ಲವಿಲ್ಲದ ಹಾಗಲಕಾಯಿ ಗೊಜ್ಜು. ಪಕ್ಕದಲ್ಲಿ ಆಶ್ರಿತ್ ಚಮಚ ಹಿಡಿದು ಕೂತಿದ್ದ. ಆಕೆ ಹುಳಿಯ ಪಾತ್ರೆಯ ಮುಚ್ಚಳ ತೆಗೆದರು. ಹಬೆ ಎದ್ದಿತು. ರಾಮಪ್ರಸಾದರು ಮೂಗು ಎತ್ತಿದರು.

ಆ ವಾಸನೆ ಒಳಗೆ ಎಲ್ಲಿಗೆ ಹೋಗಿ ಮುಟ್ಟಿತೋ! ಅವರ ಕಣ್ಣು ಪಾತ್ರೆಯ ಮೇಲಿಂದ ಹೆಂಡತಿಯ ಮುಖಕ್ಕೆ ಬಂದು ನಿಂತಿತು. ಆಷಾಢದಿಂದ ಈಚೆಗೆ ಆ ಕಣ್ಣು ಹಾಗೆ ನಿಂತಿದ್ದನ್ನು ನಾನು ನೋಡಿರಲಿಲ್ಲ. ಹಳೆಯ ರಾಮಪ್ರಸಾದರು ಬಾಗಿಲು ತೆಗೆದು ಹೊರಗೆ ಬಂದ ಹಾಗಿತ್ತು.

"ಬಿಟ್ಟಿದ್ದು... ನೀನು" ಎಂದರು.

ಸತ್ಯಭಾಮಾ ಹುಳಿ ಬಡಿಸಿಕೊಂಡು ಅನ್ನ ಕಲಸುತ್ತಿದ್ದರು. ನಿಲ್ಲಿಸಲಿಲ್ಲ.

"ಆಲದ ಮರದ ಕೆಳಗೆ. ಅವರೆಕಾಯಿ... ನಿಂದು. ಹಾಗಲ... ನಂದು." ಎಡಗೈಯಿಂದ ತನ್ನ ತಟ್ಟೆಯನ್ನು ತೋರಿಸಿದರು. "ದರ್ಭೆ... ನಡುಗ್ತು. ನನ್ನ ಹೆಗಲ ಮೇಲೆ. ನನಗೆ... ಗೊತ್ತಾಯ್ತು."

ಆಕೆಯ ಕೈ ಆಗ ನಿಂತಿತು.

ಹಾಗಾದರೆ ಗೊತ್ತಾಗಿತ್ತು! ಇವರು ಗಮನಿಸದೆ ಹೇಳಿಬಿಟ್ಟರು, ಗಂಡಸರಿಗೆ ಅದೆಲ್ಲಾ ಎಲ್ಲಿ ತಿಳಿಯುತ್ತದೆ ಎಂದು ಒಂದೊಂದು ಸಲ ನಾನೇ ಆಕೆಗೆ ಸಮಾಧಾನ ಹೇಳಿದ್ದುಂಟು. ಹೆಗಲ ಮೇಲೆ ನಡುಗಿದ್ದು ತಿಳಿದೂ ತಿಳಿದೂ ನೀರು ಬಿಟ್ಟಿದ್ದರು. ಅದೊಂದು ನಡುಕ ಅವರೊಳಗೆ ಇಷ್ಟು ವರ್ಷ, ಲಕ್ವ ಹೊಡೆದ ಮೇಲೂ, ಹಾಳಾಗದೆ ಉಳಿದಿತ್ತು.

"ಅಪ್ಪಂಗೆ ಮತ್ತೆ ಕಲಸ್ಕೊಂತು" ಎಂದ ಆಶ್ರಿತ್ ನನ್ನ ಕಡೆ ನೋಡಿ, ಮೆಲ್ಲಗೆ.

ರಾಮಪ್ರಸಾದರು ನನ್ನ ಕಡೆ ತಿರುಗಿದರು. ಮುಖದ ಒಂದು ಬದಿ ಅಳುತ್ತಿತ್ತು, ಇನ್ನೊಂದು ಬದಿ ಸುಮ್ಮನೆ ಜೋತುಬಿದ್ದಿತ್ತು. "ವಿಜಯಾ ಅವರೇ... ನೀವಿದ್ರಿ. ನೀವು... ಹೇಳಿ."

ಅಷ್ಟು ವರ್ಷದಲ್ಲಿ ಆ ಮನುಷ್ಯ ನನ್ನನ್ನು ಏನನ್ನಾದರೂ ಬೇಡಿದ್ದು ಅದೊಂದೇ ಸಲ. ಆಶ್ರಿತ್ ಕೂಡ ನನ್ನ ಕಡೆ ನೋಡುತ್ತಿದ್ದ. ಸತ್ಯಭಾಮಾ ನೋಡುತ್ತಿರಲಿಲ್ಲ, ತಟ್ಟೆಯಲ್ಲಿದ್ದ ಕಲಸಿದ ಅನ್ನವನ್ನೇ ನೋಡುತ್ತಿದ್ದರು.

"ಏನೋಪ್ಪ," ಎಂದೆ ನಾನು, "ಎಷ್ಟು ವರ್ಷ ಆಯ್ತು. ನನಗೇನೂ ಜ್ಞಾಪಕ ಇಲ್ಲ."

ಅವರ ಬಾಯಿ ತೆರೆದುಕೊಂಡೇ ಇತ್ತು. ಅದರೊ‍ಳಗೆ ಆಶ್ರಿತ್ ಒಂದು ಚಮಚ ಗೊಜ್ಜನ್ನು ಇಟ್ಟ. "ನುಂಗಿ ಅಪ್ಪಾ. ಗುಡ್."

ಸತ್ಯಭಾಮಾ ತುತ್ತು ಎತ್ತಿದರು. ನಾನು ಆಕೆಯ ಕೈಯನ್ನೇ ನೋಡುತ್ತಿದ್ದೆ. ನಡುಗಲಿಲ್ಲ. ಬಾಯಿಗಿಟ್ಟು, ಕಣ್ಣು ಮುಚ್ಚದೆ, ಗಂಡನ ಮುಖವನ್ನೇ ನೋಡುತ್ತಾ ನಿಧಾನವಾಗಿ ಅಗಿದು ನುಂಗಿದರು.

"ಉಪ್ಪು ಸರಿಯಾಗಿದೆ" ಎಂದರು. ಇನ್ನೊಂದು ತುತ್ತು ತಿಂದರು. "ಇಷ್ಟು ವರ್ಷಾನೂ ಸರಿಯಾಗೇ ಇತ್ತು ಅನ್ಸತ್ತೆ."

ರಾಮಪ್ರಸಾದರ ಎರಡು ಕಣ್ಣಿಂದಲೂ ನೀರು ಇಳಿಯಿತು. ಅಗಿಯುವುದನ್ನು ನಿಲ್ಲಿಸಿದ್ದರು, ಗೊಜ್ಜು ಗಲ್ಲದ ಮೇಲೆ ಹರಿಯುತ್ತಿತ್ತು. ಆಶ್ರಿತ್ ಅದನ್ನು ಬಟ್ಟೆಯಿಂದ ಒರೆಸಿದ. "ಪಾಪ ಅಮ್ಮಾ, ಕಹಿಗೆ ಕಣ್ಣಲ್ಲಿ ನೀರು ಬರ್ತಿದೆ ನೋಡಿ. ನಾಳೆಯಿಂದ ಒಂಚೂರು ಬೆಲ್ಲ ಹಾಕಿ."

"ಶುಗರ್ ಇರೋರಿಗೆ ಬೆಲ್ಲ ಹಾಕಬಾರದಪ್ಪ" ಎಂದು ಸತ್ಯಭಾಮಾ ಪಾತ್ರೆಯನ್ನು ತನ್ನ ಕಡೆಗೆ ಎಳೆದುಕೊಂಡು ಎರಡನೇ ಸಲ ಬಡಿಸಿಕೊಂಡರು.